ಬಾಚಣಿಗೆ ಗುರುತಿನ ಕಲ್ಲು

"ಎಡಗಡೆ ಎತ್ತಿ, ಎಡಗಡೆ! ಸರ್ ಜಾರ್ತಿದ್ದಾರೆ!"

ಮುಂದೆ ಹೆಗಲು ಕೊಟ್ಟವನ ಕಾಲು ಪಾಚಿಗಟ್ಟಿದ ಮೆಟ್ಟಿಲ ಮೇಲೆ ತಪ್ಪಿತ್ತು. ಹಸಿ ಬಿದಿರಿನ ಚಟ್ಟ ಒಂದು ಮಗ್ಗುಲಿಗೆ ವಾಲಿ, ಹತ್ತಾರು ಕೈಗಳು ನುಗ್ಗಿದ ಮೇಲೆ ನೇರವಾಯಿತು. ಹಳದಿ ಬಟ್ಟೆಯ ಮೇಲಿದ್ದ ಚೆಂಡುಹೂವಿನ ಹಾರವೊಂದು ಕೆಸರಿಗೆ ಬಿತ್ತು. ಹಿಂದೆ ಬರುತ್ತಿದ್ದ ಮನ್‌ಕುಮಾರಿ ಅದನ್ನೆತ್ತಿ ಕೊಡವಿದಳು. ಅವಳೇ ಪೋಣಿಸಿದ ಹಾರ. ನಿನ್ನೆ ಸಂಜೆ ಶಾಲೆಯ ಮಕ್ಕಳನ್ನು ಸುತ್ತ ಕೂರಿಸಿಕೊಂಡು, ಇವತ್ತಿನ ಗುರುಪೂರ್ಣಿಮೆಗೆಂದು. ಬೆಳಗಿನ ಜಾವ ಖಡಾನಂದ ಸರ್ ಹೋದ ಸುದ್ದಿ ಬಂದಾಗ ಹೂವಿನ ಬುಟ್ಟಿಯನ್ನು ಹಾಗೇ ಎತ್ತಿಕೊಂಡು ಅವರ ಮನೆಗೆ ಓಡಿದ್ದಳು.

ಕೆಲವು ದಿನಗಳಿಂದ ಮಳೆ ಬಿಟ್ಟಿರಲಿಲ್ಲ. ಮಂಜಿನೊಳಗೆ ಹೊಳೆ ಕಾಣುತ್ತಿರಲಿಲ್ಲ, ಅದು ಬಂಡೆಗಳನ್ನು ಉರುಳಿಸುವ ಸದ್ದು ಮಾತ್ರ ಕೇಳುತ್ತಿತ್ತು. ಹಿಂದೆ, ಗುಡ್ಡದ ಬುಡದಲ್ಲಿದ್ದ ಶಾಲೆಯಿಂದ ಚಿಕ್ಕ ಮಕ್ಕಳ ಹಾಡು ತೆಳ್ಳಗೆ ಬರುತ್ತಿತ್ತು.

"ಹೆಂಗಸರು ಹೆಣ ಸುಡೋ ಘಾಟಿಗೆ ಬರೋದು ಯಾವ ಕಾಲದ್ದಮ್ಮ?" ಎಂದ ಧನೇ ಕಾಕಾ. ಶಂಖ ಊದುವವನು ಅವನೇ. ಕಿವಿ ಮಂದ, ಮಾತು ಜೋರು.

"ಹೆಂಗಸಾಗಿ ಬರ್ತಿಲ್ಲ ಕಾಕಾ. ಸರ್ ಶಿಷ್ಯೆಯಾಗಿ ಬರ್ತಿದೀನಿ."

"ಏನು? ಶೀತವಾ? ಹಾಗಾದ್ರೆ ಮನೇಲಿರು!"

ಹಿಂದಿನವರು ನಗು ತಡೆದುಕೊಂಡರು. ಪೋಖರಾದಿಂದ ರಾತ್ರಿಯೇ ಬಂದಿದ್ದ ಸರ್ ಮಗ ಕೇದಾರ ಮಾತ್ರ ನಗಲಿಲ್ಲ. "ಶಾಲೆಗೆ ರಜೆ ಕೊಡಬಾರದಿತ್ತಾ, ದಿದಿ?"

"ಬಿಟ್ರೆ ಹೊಳೆ ನೋಡೋಕೆ ಓಡ್ತಾವೆ. ಖೀರು ಬೇರೆ ಒಲೆ ಮೇಲಿತ್ತು. ಚಿಕ್ಕವರನ್ನ ಅಡುಗೆಯವಳ ಹತ್ರ ಕೂರಿಸಿ, ಹಾಡ್ತಾ ಇರಿ ಅಂತ ಹೇಳಿ ಬಂದೆ." ಅವಳು ತಗ್ಗಿದ ದನಿಯಲ್ಲಿ ಸೇರಿಸಿದಳು: "ದೊಡ್ಡವರು ಘಾಟಿಗೆ ಬರ್ತಾರೆ. ಸರ್‌ಗೆ ಕಲ್ಲು ತರ್ತಾರೆ."

ಕೇದಾರ ತಲೆಯಾಡಿಸಿದ. ಆ ಊರಿನಲ್ಲಿ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

*

ಮನ್‌ಕುಮಾರಿ ಎರಡನೆಯ ತರಗತಿಯಲ್ಲಿದ್ದ ವರ್ಷ ಗುಡ್ಡ ಜರಿದು ಶಾಲೆಯ ಪಾಯಿಖಾನೆಯನ್ನು ನುಂಗಿತ್ತು. ಶನಿವಾರ, ಶಾಲೆಗೆ ವಾರದ ರಜೆ, ಅದಕ್ಕೇ ಯಾರೂ ಸಾಯಲಿಲ್ಲ ಎಂದು ಊರವರು ತಲೆಗೊಂದು ಮಾತಾಡಿ ಸುಮ್ಮನಾದರು. ಅದರ ಮರುವಾರವೇ ಗುರುಪೂರ್ಣಿಮೆ. ಮಕ್ಕಳೆಲ್ಲ ಹಾರ ತಂದರು. ಖಡಾನಂದ ಸರ್ ಅಷ್ಟನ್ನೂ ಹಾಕಿಸಿಕೊಂಡು, ಸೀನಿ ಸೀನಿ ಕಣ್ಣು ಕೆಂಪು ಮಾಡಿಕೊಂಡರು.

"ನೀವು ಕೊಟ್ಟಿದ್ದನ್ನ ಸಾಯಂಕಾಲ ನಮ್ಮ ಮೇಕೆ ತಿನ್ನುತ್ತೆ. ಆಮೇಲೆ ಗುರು ಅದಾ, ನಾನಾ?" ಎಂದರು. "ಇನ್ಮೇಲೆ ನಂಗೆ ಹೂವು ಬೇಡ. ಒಬ್ಬೊಬ್ಬರು ಹೊಳೆಯಿಂದ ಒಂದು ಕಲ್ಲು ತನ್ನಿ. ಎದೆಗೆ ಅವುಚಿಕೊಂಡು ತರೋಷ್ಟು ದೊಡ್ಡದು."

ತಂದ ಪ್ರತಿ ಕಲ್ಲಿನ ಮೇಲೂ ಉಳಿ ಹಿಡಿದು ಒಂದು ಗುರುತು ಕೆತ್ತಿದರು. ಒಬ್ಬನಿಗೆ ಮೀನು, ಒಬ್ಬಳಿಗೆ ಕೊಡೆ. ಮನ್‌ಕುಮಾರಿಗೆ ಬಾಚಣಿಗೆ.

"ನಂಗ್ಯಾಕೆ ಸರ್ ಬಾಚಣಿಗೆ?"

"ಪಾಠದ ಹೊತ್ತಲ್ಲಿ ತಲೆ ಬಿಟ್ಟು ಬೇರೇನಾದರೂ ಕೆರ್ಕೊಂಡಿದ್ರೆ ಅದನ್ನೇ ಕೆತ್ತುತಿದ್ದೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸರ್ ಮಾತ್ರ ಆ ಕಲ್ಲನ್ನು ಗುಡ್ಡದ ಕಡೆಯ ಮೂಲೆಯಲ್ಲಿ, ನೆಲ ಅಗೆದು, ಎಲ್ಲಕ್ಕಿಂತ ಕೆಳಗೆ ಕೂರಿಸಿದರು. ವರ್ಷವರ್ಷವೂ ಅದರ ಮೇಲೆ ಸಾಲು ಏರಿತು. ಸರ್ಕಾರದಿಂದ ಬರಬೇಕಿದ್ದ ತಡೆಗೋಡೆ ಬರಲೇ ಇಲ್ಲ. ಗುಡ್ಡಕ್ಕೂ ಶಾಲೆಗೂ ನಡುವೆ ಮಕ್ಕಳ ಈ ಕಲ್ಲಿನ ಗೋಡೆಯೇ ನಿಂತಿತು. ಸರ್ ಎರಡನೆಯ ತರಗತಿಗೇ ಪಾಠ ಹೇಳುತ್ತ ನಿವೃತ್ತರಾದರು. ಆಮೇಲೂ ಮಳೆಗಾಲದಲ್ಲಿ ಕೋಲೂರಿಕೊಂಡು ಬಂದು ಗೋಡೆಗೆ ಕಿವಿಯಿಡುತ್ತಿದ್ದರು. ಹಾಸಿಗೆ ಹಿಡಿದ ಮೇಲೆ, ಟೀಚರಾಗಿ ಅದೇ ಶಾಲೆಗೆ ಸೇರಿದ್ದ ಮನ್‌ಕುಮಾರಿಯನ್ನು ಕೇಳುತ್ತಿದ್ದರು: "ಗೋಡೆ ಹೊಟ್ಟೆ ಬಿಟ್ಟಿದೆಯೇನೇ?"

"ಇಲ್ಲ ಸರ್. ನೆಟ್ಟಗಿದೆ."

"ನಿನ್ನ ಬಾಚಣಿಗೆ ಹೊತ್ಕೊಂಡಿದೆ ಎಲ್ಲಾನೂ. ಅದು ಅಲುಗದಿದ್ರೆ ಸಾಕು."

*

ಹೊಳೆ ಉಕ್ಕಿ ಹಳೆಯ ಘಾಟು ಮುಳುಗಿತ್ತು. ಮೇಲಿನ ದಿಬ್ಬದ ತಗಡಿನ ಚಪ್ಪರದಡಿ ಸೌದೆ ಒಟ್ಟಿದರು. ಸೌದೆಯೂ ಒದ್ದೆ.

"ತುಪ್ಪ ಇನ್ನಷ್ಟು ಸುರೀರಿ."

"ಹೊತ್ತೋದಿಲ್ಲ ಬಿಡಿ. ಸರ್ ಯಾವತ್ತು ಹೇಳಿದ ಹೊತ್ತಿಗೆ ಎದ್ದು ಹೋಗಿದ್ರು? ಗಂಟೆ ಹೊಡೆದ ಮೇಲೂ ಮಗ್ಗಿ ಹೇಳಿಸ್ತಿದ್ರು."

ಮನ್‌ಕುಮಾರಿ ಮೇಲಕ್ಕೆ ಕಿವಿಗೊಟ್ಟಳು. ಹಾಡು ಇನ್ನೂ ಕೇಳುತ್ತಿತ್ತು. ಬೆಳಿಗ್ಗೆ ಗೋಡೆ ನೋಡಿಕೊಂಡೇ ಬಂದಿದ್ದಳು. ಸಂದುಗಳಿಂದ ನೀರು ತಿಳಿಯಾಗಿ ಇಳಿಯುತ್ತಿತ್ತು. ಕೆಂಪಗೆ ಬಂದರೆ ಹೆದರಬೇಕು ಎಂದು ಸರ್ ಹೇಳುತ್ತಿದ್ದರು.

ಮೆಟ್ಟಿಲ ಮೇಲೆ ಮಕ್ಕಳು ಕಂಡರು. ಒಬ್ಬರ ಹಿಂದೊಬ್ಬರು, ಸಾಲು ಮುರಿಯದೆ, ಪ್ರತಿಯೊಬ್ಬರ ಎದೆಗೂ ಒಂದು ಕಲ್ಲು. ಕೆಲವರ ಬಟ್ಟೆಗೆ ಕೆಂಪು ಮಣ್ಣು ಮೆತ್ತಿತ್ತು. ನೋಡಿದವರ ಕಣ್ಣು ತುಂಬಿತು. ಕೇದಾರ ಕೈಮುಗಿದ.

ಮುಂದಿದ್ದವಳು ಎಂಟನೆಯ ತರಗತಿಯ ಬಿಪನಾ. ಸೌದೆಯ ಪಕ್ಕ ಕಲ್ಲಿಟ್ಟು, ಸರ್ ಪಾದಕ್ಕೆ ಹಣೆ ಹಚ್ಚಿದಳು. ಉಳಿದವರೂ ಹಾಗೇ ಮಾಡಿದರು.

"ಹೊಳೆಗೆ ಇಳೀಬೇಡಿ ಅಂತ ಆಣೆ ಹಾಕಿಸಿದ್ನಲ್ಲೇ," ಎಂದಳು ಮನ್‌ಕುಮಾರಿ.

"ಇಳೀಲಿಲ್ಲ ಮಿಸ್. ದೇವರಾಣೆ."

"ಮತ್ತೆ ಕಲ್ಲು?"

"ನಮ್ಮ ನಮ್ಮದೇ ತಂದ್ವಿ." ಬಿಪನಾಳ ಮುಖದಲ್ಲಿ ಹೆಮ್ಮೆಯಿತ್ತು. "ಸರ್‌ಗೆ ಕೊಟ್ಟಿದ್ದಲ್ವಾ, ಸರ್ ಜೊತೆ ಹೋಗ್ಲಿ ಅಂತ."

ಮನ್‌ಕುಮಾರಿ ಸಾಲಿಟ್ಟ ಕಲ್ಲುಗಳನ್ನು ನೋಡಿದಳು. ಚಿಟ್ಟೆ. ಗಾಳಿಪಟ. ಕೊಡಲಿ. ಎಲ್ಲದರ ಮೇಲೂ ಸರ್ ಉಳಿಯ ಗೆರೆ.

"ಎಲ್ಲಿಂದ ತೆಗೆದ್ರಿ?" ಗೊತ್ತಿದ್ದೂ ಕೇಳಿದಳು.

"ಮೇಲಿನವು ಕೈಗೇ ಬಂದ್ವು ಮಿಸ್. ಒಂದಕ್ಕೆ ಮಾತ್ರ ಅಣ್ಣಂದಿರು ಹಾರೆ ಹಾಕಿ ಮೀಟಬೇಕಾಯ್ತು." ಅವಳು ಹಿಂದೆ ತಿರುಗಿ ಕೈಮಾಡಿದಳು. ದೊಡ್ಡ ಹುಡುಗನೊಬ್ಬ ಏದುಸಿರು ಬಿಡುತ್ತ ಬಂದು, ತಬ್ಬಿಕೊಂಡಿದ್ದ ಕಲ್ಲನ್ನು ಮನ್‌ಕುಮಾರಿಯ ಕೈಗಿಟ್ಟ.

"ನಿಮ್ಮದು, ಮಿಸ್. ನೀವೂ ಕೊಡಬೇಕಲ್ವಾ?"

ಅರ್ಧ ಕಲ್ಲು ಬಿಸಿಲು ಮಳೆ ಕಂಡು ಕಪ್ಪಾಗಿತ್ತು. ಉಳಿದರ್ಧ ಈಗಷ್ಟೇ ನೆಲ ಬಿಟ್ಟಂತೆ ಹಸಿಯಾಗಿತ್ತು. ಬಾಚಣಿಗೆಯ ಹಲ್ಲುಗಳ ಸಂದಿನಿಂದ ಕೆಂಪು ನೀರು ಅವಳ ಮುಂಗೈ ಮೇಲೆ ಇಳಿಯಿತು.

ಕಿಡಿ ಹಿಡಿಯಿತು ಎಂದು ಯಾರೋ ಕೂಗಿದರು. ಧನೇ ಕಾಕಾ ಶಂಖ ಎತ್ತಿ ಊದತೊಡಗಿದ.

"ಕಾಕಾ, ನಿಲ್ಲಿಸು!" ಮನ್‌ಕುಮಾರಿ ಕಿರುಚಿದಳು. "ನಿಲ್ಲಿಸು, ಮಕ್ಕಳ ಹಾಡು ಕೇಳ್ಬೇಕು, ಒಂದು ನಿಮಿಷ ನಿಲ್ಲಿಸು!"

ಧನೇ ಕಾಕಾ ಕಣ್ಣು ಮುಚ್ಚಿ, ಕೆನ್ನೆ ಉಬ್ಬಿಸಿ, ಗುಡ್ಡದ ಕಡೆಗೆ ಮುಖ ಮಾಡಿ ಊದುತ್ತಲೇ ಇದ್ದ.