ಮಧ್ಯದ ಗೇಜು

ಎಂಜಿನ್ನಿನ ಸ್ಥಿತಿಯನ್ನು ಮುಳ್ಳಿನಲ್ಲಿ ತೋರಿಸುವ ಮೂರು ಗೇಜು ಕೂರುವ ಪ್ಲಾಸ್ಟಿಕ್ ಗೂಡನ್ನು ಗ್ಯಾರೇಜಿನ ಬೆಂಚಿನ ಮೇಲಿಟ್ಟುಕೊಂಡು ಮೇಸ್ತ್ರಿ ಕಾಯುತ್ತಿದ್ದರು. ಎದುರಿಗೆ ಅವರ ಬಾಮೈದ ಆರು ಡಬ್ಬಿ ಜೋಡಿಸಿಕೊಂಡು ಕೂತಿದ್ದ. ಮೂರು ತೂತು, ಆರು ಗೇಜು. ಇಷ್ಟು ಸರಳವಾದ ಲೆಕ್ಕವನ್ನು ಆ ತಲೆಗೆ ಇಳಿಸಲು ಮೇಸ್ತ್ರಿ ಬೆಳಗಿನಿಂದ ಗಂಟಲು ಹರಿದುಕೊಂಡಿದ್ದರು.

ಬಾಮೈದನದು ಕನ್ನಡಕದ ಅಂಗಡಿ. ದಿನವಿಡೀ ಮಂದಿಯ ಕಣ್ಣು ಪರೀಕ್ಷೆ ಮಾಡುವ ಆಸಾಮಿಗೆ ತನ್ನ ಕಾರಿನ ವಿಷಯದಲ್ಲಿ ಮಾತ್ರ ಕಣ್ಣಿಗೆ ಪೊರೆ. ಮನೆಯವರೆಲ್ಲ ಬೇಡವೆಂದು ಬಡಕೊಂಡರೂ ಕೇಳದೆ ಹಳೆಯ ಕಾರಿಗೆ ಟರ್ಬೊ ಹಾಕಿಸಿಕೊಂಡಿದ್ದ. ಎಂಜಿನ್ನಿಗೆ ಗಾಳಿ ತುರುಕುವ ಯಂತ್ರ ಅದು. ಓಟವೂ ಜಾಸ್ತಿ, ಬಿಸಿಯೂ ಜಾಸ್ತಿ. ಕಳೆದ ಬೇಸಿಗೆಯಲ್ಲಿ ಆಯಿಲ್ ಸಿಗದೆ ಆ ಎಂಜಿನ್ ಮೇಲ್ಸೇತುವೆಯ ನಟ್ಟನಡುವೆ ಗಕ್ಕನೆ ಹಿಡಿದುಕೊಂಡು ನಿಂತಿತು. ಹಿಂದೆಯೇ ಲಾರಿ. ಲಾರಿಯವನು ಸಮಯಕ್ಕೆ ಬ್ರೇಕ್ ಒತ್ತಿದ್ದು ಪುಣ್ಯ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಹೊತ್ತಿಕೊಂಡದ್ದು ಎಲ್ಲ ಮುಗಿದ ಮೇಲೆ. ಆಗ ಬಾಮೈದನ ಪಕ್ಕದ ಸೀಟಿನಲ್ಲಿದ್ದವಳು ಅವನ ಅಕ್ಕ, ಅಂದರೆ ಮೇಸ್ತ್ರಿಯ ಹೆಂಡತಿ. ಅವಳು ಕೆಲಸ ಮಾಡುವ ಮುದ್ರಣಾಲಯ ತಮ್ಮನ ಅಂಗಡಿಯ ದಾರಿಯಲ್ಲೇ ಇರುವುದರಿಂದ ದಿನವೂ ಅವನ ಕಾರಿನಲ್ಲೇ ಹೋಗುತ್ತಾಳೆ.

ಆ ದಿನದಿಂದ ಮೇಸ್ತ್ರಿಗೆ ಲಾರಿಯ ಹಾರನ್ ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು. ಎಂಜಿನ್ ಮತ್ತೆ ಕಟ್ಟಿಕೊಡುತ್ತೇನೆ, ಆದರೆ ಗೇಜು ಮಾತ್ರ ನಾನು ಹೇಳಿದ್ದೇ ಎಂದು ಷರತ್ತು ಹಾಕಿದ್ದರು.

"ಭಾವ, ಮಧ್ಯದಲ್ಲಿ ಬೂಸ್ಟ್ ಗೇಜೇ ಇರ್ಲಿ," ಎಂದ ಬಾಮೈದ. "ಟರ್ಬೊ ಊದಿದಾಗ ಮುಳ್ಳು ಹೆಂಗೆ ಹಾರುತ್ತೆ ಗೊತ್ತಾ! ನೋಡೋಕೇ ಚೆಂದ."

"ಚೆಂದ ನೋಡ್ಬೇಕಿದ್ರೆ ಸರ್ಕಸ್ಸಿಗೆ ಹೋಗು. ಟರ್ಬೊ ಊದೋದು ನಿನ್ನ ಬೆನ್ನಿಗೇ ಗೊತ್ತಾಗುತ್ತೆ, ಅದಕ್ಕೆ ಮುಳ್ಳು ಬೇಕಾ? ಮಧ್ಯದಲ್ಲಿ ಆಯಿಲ್ ಪ್ರೆಶರ್. ಅದು ಬಿದ್ರೆ ಎಂಜಿನ್ ಹೋಗೋಕೆ ಜಾಸ್ತಿ ಹೊತ್ತು ಬೇಡ. ಒಂದು ಪಕ್ಕ ನೀರಿನ ಬಿಸಿ. ಇನ್ನೊಂದು ಪಕ್ಕ ಪೆಟ್ರೋಲು ಗಾಳಿ ಎಷ್ಟೆಷ್ಟು ಬೆರೀತಿದೆ ಅಂತ ತೋರಿಸೋದು. ಗಾಳಿ ತುರುಕಿ ಪೆಟ್ರೋಲು ಸಾಲದೇ ಹೋದ್ರೆ ಪಿಸ್ಟನ್ನೇ ಕರಗುತ್ತೆ."

"ಬ್ಯಾಟರಿ ಗೇಜು?"

"ಬೇಡ."

"ಗಡಿಯಾರ?"

"ಗಡಿಯಾರ ಯಾಕೋ ಮಾರಾಯ? ಎಂಜಿನ್ ಎಷ್ಟು ಗಂಟೆಗೆ ಸತ್ತಿತು ಅಂತ ತಿಳ್ಕೊಳ್ಳೋಕಾ?"

"ಸೆಟ್ಟಿನಲ್ಲೇ ಬಂದಿದೆ ಭಾವ. ಎಲ್ಲದಕ್ಕೂ ಒಂದೇ ನೀಲಿ ದೀಪ."

ಮೇಸ್ತ್ರಿ ಹಣೆ ಚಚ್ಚಿಕೊಂಡು ಕೆಲಸಕ್ಕೆ ಇಳಿದರು. ಆಯಿಲ್ ಪ್ರೆಶರ್ ಅಳೆಯುವ ಸೆನ್ಸರನ್ನು ಎಂಜಿನ್ನಿಗೆ ಕೈಯಲ್ಲೇ ತಿರುಗಿಸಿ ಕೂರಿಸಿ, ಕೊನೆಯ ಬಿಗಿತಕ್ಕೆ ಸ್ಪಾನರ್ ಎತ್ತಿಕೊಂಡರು. ಅಷ್ಟರಲ್ಲಿ ಕಾರಿನೊಳಗಿಂದ ಬಾಮೈದ ಕೂಗಿದ: "ಭಾವ, ಗಡಿಯಾರನ ಇಲ್ಲೇ ಅಂಟಿಸಿಬಿಡ್ಲಾ?" ಸ್ಪಾನರ್ ಬಿಸಾಕಿ ಹೋಗಿ ಗಡಿಯಾರ ಕಿತ್ತುಕೊಂಡು ಒಂದಷ್ಟು ಬೈದರು. ಬೈದು ಬಂದವರು ಸೀದಾ ವೈರಿಂಗ್ ಹಿಡಿದರು. ಸಂಜೆ ಕಾರು ಹೊರಟಾಗ ಮಧ್ಯದ ಮುಳ್ಳು ನಾಲ್ಕರ ಮೇಲೆ ನಿಂತಿತ್ತು, ಮೇಸ್ತ್ರಿಯ ಸಂಕಟವೂ ಇಳಿದಂತಾಗಿತ್ತು.

ನಿಜವಾದ ಕಾಟ ಶುರುವಾದದ್ದು ಆಮೇಲೆ. ಅಲ್ಲಿಯವರೆಗೆ ಆಯಿಲ್ ಗೇಜಿಗೆ ಸೊಪ್ಪು ಹಾಕದವನು ಈಗ ಅದರಿಂದ ಕಣ್ಣೇ ಕೀಳಲಿಲ್ಲ. "ಭಾವ, ಸಿಗ್ನಲ್ಲಿನಲ್ಲಿ ನಿಂತಾಗ ಮುಳ್ಳು ಒಂದಕ್ಕೆ ಬಂತು!" ಎಂಜಿನ್ ಬಿಸಿಯಾದಾಗ ಆಯಿಲ್ ತೆಳ್ಳಗಾಗುತ್ತದೆ, ನಿಂತಾಗ ಒಂದಿದ್ದರೆ ಸಾಕು ಎಂದು ಮೇಸ್ತ್ರಿ ಹೇಳಿದರು. ಮರುದಿನ, "ಭಾವ, ಬೆಳಗ್ಗೆ ಐದಿತ್ತು, ಈಗ ನಾಲ್ಕು!" ತಣ್ಣಗಿದ್ದಾಗ ಆಯಿಲ್ ದಪ್ಪ ಎಂದರು. ಸ್ನಾನಕ್ಕೆ ಹೋದರೆ ಫೋನು, ಊಟಕ್ಕೆ ಕೂತರೆ ಫೋನು, ಇನ್ನೊಬ್ಬರ ಕಾರಿನ ಕೆಳಗೆ ಮಲಗಿದ್ದರೂ ಫೋನು. ಹೊಸದಾಗಿ ತಂದೆಯಾದವನು ಕೂಡ ಡಾಕ್ಟರಿಗೆ ಇಷ್ಟು ಕಾಟ ಕೊಡುವುದಿಲ್ಲ. ಕೊನೆಗೆ ಒಂದು ದಿನ, ಗಿರಾಕಿಯೊಬ್ಬರ ಎದುರಿಗೇ, ಮೇಸ್ತ್ರಿಯ ತಾಳ್ಮೆಯ ಕಟ್ಟೆ ಒಡೆಯಿತು.

"ಆ ಹಾಳು ಗೇಜನ್ನ ನೋಡಲೇಬೇಡ! ಮುಚ್ಚಿಡು ಅದನ್ನ! ನನ್ನನ್ನ ಬದುಕೋಕೆ ಬಿಡು!"

"ಆಯ್ತು ಭಾವ," ಎಂದ ಬಾಮೈದ, ಮೆಲ್ಲಗೆ.

ಫೋನು ನಿಂತಿತು. ಮೇಸ್ತ್ರಿ ಬಿಸಿಬಿಸಿ ಊಟ ಮಾಡಿದರು, ನೆಮ್ಮದಿಯಾಗಿ ಸ್ನಾನ ಮಾಡಿದರು. ಕೆಲವು ದಿನ ಹೀಗೇ ಕಳೆದ ಮೇಲೆ ಅದೇ ನೆಮ್ಮದಿ ಕಿರಿಕಿರಿಯಾಗತೊಡಗಿತು. ಕೆಲಸದ ನಡುವೆ ಸುಮ್ಮಸುಮ್ಮನೆ ಫೋನು ತೆಗೆದು ನೋಡುವರು, ತಮ್ಮ ಮೇಲೆ ತಾವೇ ರೇಗಿಕೊಂಡು ಜೇಬಿಗೆ ಹಾಕುವರು. ಹಾಳಾದವನು ಫೋನು ಮಾಡಿದರೂ ತಲೆನೋವು, ಮಾಡದಿದ್ದರೂ ತಲೆನೋವು.

"ನನ್ನ ತಮ್ಮನಿಗೆ ಏನಂದ್ರಿ?" ಹೆಂಡತಿ ಒಂದು ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ ಕೇಳಿದಳು. "ಮಾತೇ ಇಲ್ಲ ಅವನದು. ಗಾಡಿ ಓಡಿಸ್ತಾನೆ, ಇಳಿಸ್ತಾನೆ, ಹೋಗ್ತಾನೆ."

ಹೊರಗೆ ಹಾರನ್ ಆಯಿತು. ಮೇಸ್ತ್ರಿ ಲುಂಗಿಯಲ್ಲೇ ಆಚೆ ಬಂದು ಕಾರಿನ ಕಿಟಕಿಗೆ ಬಗ್ಗಿದರು. ಗೂಡಿನ ಮಧ್ಯದ ಗೇಜಿನ ಮೇಲೆ ಕಪ್ಪು ಟೇಪು ಅಡ್ಡಡ್ಡ, ಉದ್ದುದ್ದ, ಅಚ್ಚುಕಟ್ಟಾಗಿ ಅಂಟಿಸಿತ್ತು.

"ಇದೇನೋ ಇದು?"

"ನೀವೇ ಹೇಳಿದ್ರಲ್ಲ ಭಾವ, ಮುಚ್ಚಿಡು ಅಂತ."

"ಹೇಳಿದ್ದನ್ನೆಲ್ಲ ಮಾಡಿಬಿಡೋದಾ? ಗಡಿಯಾರ ಬೇಡ ಅಂದಾಗ ಎಲ್ಲಿಗೆ ಹೋಗಿತ್ತು ಈ ವಿಧೇಯತೆ?"

ಹೆಂಡತಿ ತಡವಾಯಿತೆಂದು ಗೊಣಗುತ್ತಿದ್ದರೂ ಮೇಸ್ತ್ರಿ ಹಿಂದಿನ ಸೀಟಿಗೆ ನುಗ್ಗಿ, ಇಬ್ಬರ ನಡುವೆ ತಲೆ ತೂರಿಸಿ, ಟೇಪು ಪರಪರನೆ ಕಿತ್ತರು. ಕಾರು ಹೊರಟು ನೇರ ರಸ್ತೆಗೆ ಬಂದಾಗ ಮುಳ್ಳು ನಾಲ್ಕು ತೋರಿಸುತ್ತಿತ್ತು. ನೋಡಿದೆಯಾ, ಸುಮ್ಮನೆ ಗಾಬರಿ ಎಂದು ಹೇಳಲು ಬಾಯಿ ತೆರೆದರು. ಕಾರು ವೃತ್ತದಲ್ಲಿ ತಿರುಗಿತು, ಮುಳ್ಳು ಸೊನ್ನೆಗೆ ಬಿತ್ತು.

"ಆಫ್ ಮಾಡೋ! ಆಫ್ ಮಾಡು!"

ಕಾರು ಸದ್ದಿಲ್ಲದೆ ಉರುಳಿ ರಸ್ತೆಯ ಅಂಚಿಗೆ ಬಂದು ನಿಂತಿತು. ಮುಳ್ಳು ಬಿದ್ದಾಗಲೂ ಕೆಂಪು ದೀಪ ಹೊತ್ತಿಕೊಂಡಿರಲಿಲ್ಲ. ಮುಂದೆ ಕಾಣುತ್ತಿದ್ದದ್ದೇ ಆ ಮೇಲ್ಸೇತುವೆ. ಮೇಸ್ತ್ರಿ ಇಳಿದು ಮುಂದಕ್ಕೆ ಓಡಿದರು. ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದರೆ ತುದಿಗೂ ಆಯಿಲ್ ಇಲ್ಲ. ಉಳಿದಿದ್ದ ಚೂರು ತಿರುವಿನಲ್ಲಿ ಒಂದು ಪಕ್ಕಕ್ಕೆ ಸರಿದು ಪಂಪಿಗೆ ಸಿಕ್ಕಿರಲಿಲ್ಲ. ಕೈ ಕೆಳಗೆ ತೂರಿಸಿ ಸೆನ್ಸರ್ ಮುಟ್ಟಿದರು. ಸುತ್ತ ಜಿಡ್ಡು. ದಿನಾ ಒಂದಿಷ್ಟು ಒಸರಿ ಎಂಜಿನ್ನಿನ ಕೆಳಗಿನ ಕವಚದಲ್ಲಿ ನಿಂತದ್ದು ನೆಲಕ್ಕೂ ಬಿದ್ದಿರಲಿಲ್ಲ, ಕಣ್ಣಿಗೂ ಬಿದ್ದಿರಲಿಲ್ಲ. ಸೆನ್ಸರ್ ಬೆರಳಿಗೇ ತಿರುಗಿತು.

"ಯಾರು ಬಿಗಿದಿದ್ದು ಇದನ್ನ?" ಎಂದಳು ಹೆಂಡತಿ.

ಗಡಿಯಾರದ ಮೇಲೆ, ಬಾಮೈದನ ಮೇಲೆ, ಲೋಕದ ಮೇಲೆಲ್ಲ ಹಾಕಬಹುದಾಗಿದ್ದ ಮಾತುಗಳು ಮೇಸ್ತ್ರಿಯ ನಾಲಿಗೆಯ ತುದಿಗೆ ಬಂದಿದ್ದವು.

"ನಾನೇ," ಎಂದರು. "ಬಿಗಿದಿಲ್ಲ. ಮರೆತೆ."

ಬಾಮೈದ ಕೈ ಒರೆಸಿಕೊಳ್ಳಲು ಬಟ್ಟೆ ತಂದು ಕೊಟ್ಟ. ಬೈದಿದ್ದರೆ ಮೇಸ್ತ್ರಿಗೆ ವಾಸಿ ಎನಿಸುತ್ತಿತ್ತು. ಹೆಂಡತಿ ಇಬ್ಬರನ್ನೂ ಒಮ್ಮೆ ಮೇಲಿಂದ ಕೆಳಗೆ ನೋಡಿ, ಬಸ್ಸು ಹಿಡಿಯಲು ನಡೆದಳು. ನಡುರಸ್ತೆಯಲ್ಲಿ ಲುಂಗಿ ಎತ್ತಿ ಕಟ್ಟಿಕೊಂಡ ಮೇಸ್ತ್ರಿ ಬಾಮೈದನ ಜೊತೆ ಕಾರನ್ನು ಗ್ಯಾರೇಜಿನವರೆಗೂ ತಳ್ಳಿದರು. ಅದೃಷ್ಟಕ್ಕೆ ಎಂಜಿನ್ನಿನೊಳಗಿನ ಬೇರಿಂಗ್ ಹಾಳಾಗದೆ ಉಳಿದಿತ್ತು. ಈ ಸಲ ಸ್ಪಾನರ್ ಹಿಡಿದಾಗ ಮೇಸ್ತ್ರಿ ಯಾರ ಮಾತಿಗೂ ಓಗೊಡಲಿಲ್ಲ. ಹೊಸ ಆಯಿಲ್ ತುಂಬಿಸಿ ಕಾರು ಕಳಿಸಿದರು.

ಅಂದು ಮೇಸ್ತ್ರಿ ಊಟಕ್ಕೆ ಕೂತು ಮೊದಲ ತುತ್ತು ಕಲಸಿದ್ದರು. ಫೋನು ಬಡಿದುಕೊಂಡಿತು. ಹೆಂಡತಿ ಬಡಿಸುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು. ಮೇಸ್ತ್ರಿ ಎಡಗೈಯಲ್ಲಿ ಫೋನು ಎತ್ತಿಕೊಂಡರು.

"ಭಾವ, ಊಟಕ್ಕೆ ಕೂತಿದ್ರಾ? ಆಮೇಲೆ ಮಾಡ್ಲಾ?"

"ಹೇಳೋ ಸಾಕು. ಎಷ್ಟಿದೆ?"

"ನಾಲ್ಕು. ಸಿಗ್ನಲ್ಲಿನಲ್ಲಿ ಒಂದು."

"ತಿರುವಿನಲ್ಲಿ?"

"ಅಲ್ಲಾಡ್ಲಿಲ್ಲ ಭಾವ."

ಮೇಸ್ತ್ರಿ ದೊಡ್ಡದೊಂದು ಉಸಿರು ಬಿಟ್ಟರು. "ನಾಳೆ ಅಕ್ಕನ್ನ ಬಿಟ್ಟ ಮೇಲೆ ಫೋನ್ ಮಾಡು," ಎಂದರು. ತುಸು ತಡೆದು, "ಬಿಡೋಕೆ ಮುಂಚೆನೂ ಮಾಡು," ಎಂದು ಗದರಿದರು.