ಕುರ್ಚಿಯ ಅಳತೆಗೋಲು

ಹೆದ್ದಾರಿಯ ಪಕ್ಕದ ಬಯಲಿನಲ್ಲಿ ಮೂರಂತಸ್ತಿನೆತ್ತರದ ಸಿಮೆಂಟಿನ ಕುರ್ಚಿಯೊಂದು ನಿಂತಿತ್ತು. ಅದರ ಹಸಿರು ಬಣ್ಣ ಅಲ್ಲಲ್ಲಿ ಚಕ್ಕೆಯೆದ್ದಿತ್ತು. ಬೆನ್ನೊರಗಿನ ತುದಿಯಲ್ಲಿ ಕಾಗೆಯೊಂದು ಅಲುಗದೆ ಕೂತಿತ್ತು. ಕುರ್ಚಿಯ ಒಂದು ಕಾಲಿನ ಬುಡದಲ್ಲಿ, ಕೈಚೀಲವನ್ನು ಎದೆಗವಚಿಕೊಂಡು, ಅವಳು ನಿಂತಿದ್ದಳು.

ಊರೂರಿನ ಇಂಥ ವಿಚಿತ್ರಗಳನ್ನು ನಿಧಾನವಾಗಿ ನೋಡುತ್ತ ಹೋಗೋಣವೆಂದು ಗಂಡನೇ ಅವಳನ್ನು ಕಾರಿನಲ್ಲಿ ಹೊರಡಿಸಿದ್ದ. ದೈತ್ಯ ಹೂಜಿ, ಲಾರಿಗಿಂತ ಉದ್ದದ ಬಾಚಣಿಗೆ, ತಗಡಿನ ತಿಮಿಂಗಿಲ, ಎಲ್ಲದರ ಪಕ್ಕದಲ್ಲೂ ಅಳತೆಗೋಲಿನಂತೆ ಅವಳನ್ನು ನಿಲ್ಲಿಸಿ ಫೋಟೋ ತೆಗೆದಿದ್ದ. ಒಂದರಲ್ಲೂ ಅವಳ ಮುಖ ಕಾಣುತ್ತಿರಲಿಲ್ಲ.

“ರೀ, ಒಂದು ಸಲ ಹತ್ತಿರ ಬಂದು ನನ್ನನ್ನೇ ತೆಗೀರಿ,” ಎಂದಳು. ಬೆಳಗಿನಿಂದ ನುಂಗಿಕೊಂಡಿದ್ದ ಮಾತು.

“ನಿನ್ನ ಮುಖ ನೋಡೋಕೆ ಇಷ್ಟು ಪೆಟ್ರೋಲ್ ಸುಡಬೇಕಿತ್ತಾ? ಅದು ಮನೇಲೇ ಪುಕ್ಕಟೆ ಸಿಗುತ್ತಲ್ಲ.”

“ಮನೇಲಿ ಯಾವತ್ತು ನೋಡಿದೀರಿ?”

“ಶುರುವಾಯ್ತು ನಿನ್ನ ರಾಗ!” ಅವನು ಕ್ಯಾಮೆರಾವನ್ನು ಕಣ್ಣಿಗೊತ್ತಿಕೊಂಡ. “ಸುಮ್ನೆ ಹಿಂದೆ ಹೋಗು. ನೀನು ಚಿಕ್ಕದಾಗಿ ಕಂಡಷ್ಟೂ ಕುರ್ಚಿ ದೊಡ್ಡದಾಗಿ ಕಾಣುತ್ತೆ.”

ಅವಳ ಮೈಯೆಲ್ಲ ಉರಿಯಿತು. ಆದರೂ ಹಿಂದಕ್ಕೆ ಸರಿದಳು.

“ಇನ್ನೂ ಹಿಂದೆ! ಕಿವಿ ಕೇಳ್ಸಲ್ವಾ?”

ಕೇಳಿಸುತ್ತಿತ್ತು. ಕುರ್ಚಿಯ ಹಿಂದೆ ಹೆದ್ದಾರಿ. ಅದರ ಅಂಚಿನಲ್ಲಿ, ಅವರು ಬಂದ ದಾರಿಗೇ ಮುಖ ಮಾಡಿ, ಜನರನ್ನು ಹತ್ತಿಸಿಕೊಳ್ಳುತ್ತಿದ್ದ ಬಸ್ಸು. ಅವಳು ಅವನಿಗೆ ಬೆನ್ನು ಹಾಕಿ ನೇರ ಅಲ್ಲಿಗೇ ನಡೆದಳು.

“ಹಾಂ, ಭೇಷ್! ಸಾಕು, ಅಲ್ಲೇ ನಿಲ್ಲು, ಈ ಕಡೆ ತಿರುಗು!” ಎಂದು ಅವನು ಕೂಗಿದ.

“ಎಲ್ಲಿಗಮ್ಮ?” ಎಂದ ಕಂಡಕ್ಟರ್.

“ಎಲ್ಲಿಗಾದ್ರೂ ಸರಿ, ಮೊದ್ಲು ಹೊರಡಿ,” ಎನ್ನುತ್ತ ಅವಳು ಒಳಹೊಕ್ಕಳು. ಬಸ್ಸಿನ ಬಾಗಿಲು ಅವಳ ಹಿಂದೆ ಧಡಾರನೆ ಮುಚ್ಚಿಕೊಂಡಿತು.