ತೆರಿಗೆ ಇಲ್ಲದ ದೊಡ್ಡಿ

ಹೆಣ್ಣು ಕೇಳಲು ಹೋಗುವಾಗ ಟೊಲೊನಂಥವನನ್ನು ಜೊತೆಗೆ ಕಟ್ಟಿಕೊಂಡು ಹೋಗಬಾರದು. ಇದನ್ನು ನಾನು ಮೊದಲೇ ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಗಂಡಿನ ಚಿಕ್ಕಪ್ಪ. ಗಂಡಿನ ಅಪ್ಪ ತೀರಿಕೊಂಡ ಮೇಲೆ ಆ ಮನೆಯ ಹಿರಿತನ ಅವನ ಪಾಲಿಗೆ ಬಂದಿದೆ. ನಾನು ಸೋದರಮಾವ. ದಕ್ಷಿಣ ಆಫ್ರಿಕಾದ ನಾವು ಷೋಸಾ ಜನ ಹಿರಿಯರನ್ನು ಹೆಸರು ಹಿಡಿದು ಕರೆಯುವುದಿಲ್ಲ, ಕುಲದ ಹೆಸರಿನಿಂದ ಕರೆಯುತ್ತೇವೆ. ಹಾಗಾಗಿ ನಾನು ಎಲ್ಲರಿಗೂ ರಡೇಬೆ. ಕೊಮಾನಿ ಊರಿನಲ್ಲಿ ಬಸ್ಸು ಓಡಿಸಿ, ಟಿಕೆಟ್ಟಿಗಾಗಿ ಜಗಳ ತೆಗೆಯುವವರನ್ನೆಲ್ಲ ನಿಭಾಯಿಸಿ ನಿವೃತ್ತನಾದವನು. ತೆರದ, ಅಂದರೆ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡುವ ದನದ, ಚೌಕಾಸಿಗೆ ಇವನೇ ಸರಿ ಅಂತ ಮಾತಾಡುವ ಕೆಲಸ ನನಗೆ ಬಿಟ್ಟಿದ್ದರು.

ಗಂಡು, ನನ್ನ ತೀರಿಹೋದ ತಂಗಿಯ ಮಗ ಲುಬಬಾಲೊ. ಕಾರು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ದಾರಿಯುದ್ದಕ್ಕೂ ಅವನೇ ಕಾರು ಓಡಿಸಿಕೊಂಡು ಬಂದ. ಹೆಣ್ಣಿನ ಮನೆಯವರ ಕಣ್ಣಿಗೆ ಆ ದಿನ ಗಂಡು ಬೀಳುವಂತಿಲ್ಲವಾದ್ದರಿಂದ ಕೂಡುರಸ್ತೆಯ ಅಂಗಡಿ ಹತ್ತಿರ ನಿಲ್ಲಿಸಿದ. ನಾವು ಇಳಿಯುವ ಮುಂಚೆ ಹಿಂದಕ್ಕೆ ತಿರುಗಿ ಹೇಳಿದ:

"ಮಾವಾ, ತೆರಕ್ಕೆ ನಾಲ್ಕು ದನದ ದುಡ್ಡು ತಂದಿದ್ದೀನಿ. ಉಳಿದಿದ್ದು ವರ್ಷ ವರ್ಷ ಕೊಡ್ತೀನಿ ಅಂತ ಒಪ್ಪಿಸಿ. ನನ್ನ ಖಾತೆ ವಿಷಯ ಮಾತ್ರ ಅಲ್ಲಿ ಎತ್ತಬೇಡಿ. ಅದನ್ನ ನಾನು ಮುಟ್ಟಲ್ಲ."

"ಎತ್ತಲ್ಲ ಕಣೋ," ಅಂದೆ. ಟೊಲೊ ಕೂಡ ತಲೆಯಾಡಿಸಿದ.

ಆ ಖಾತೆಯ ವಿಷಯ ನನಗೆ ಅಷ್ಟಕ್ಕಷ್ಟೆ. ಸರ್ಕಾರ ತೆರಿಗೆ ಕೇಳದ ಉಳಿತಾಯ ಖಾತೆಯಂತೆ, ಅದರೊಳಗೆ ಇಟಿಎಫ್ ಅಂತ ಷೇರುಗಳ ಒಂದು ಬುಟ್ಟಿಯಂತೆ. ಕೆಲಸ ಸಿಕ್ಕಿದಾಗಿನಿಂದ ಹುಡುಗ ತಿಂಗಳು ತಪ್ಪದೆ ಅದಕ್ಕೆ ಸುರಿಯುತ್ತಿದ್ದ. ನನ್ನ ಲೆಕ್ಕದಲ್ಲಿ ಆಸ್ತಿ ಅಂದರೆ ನಾಲ್ಕು ಕಾಲಿರಬೇಕು, ಮೇಯಬೇಕು, ಬೆಳಿಗ್ಗೆ ಎದ್ದರೆ ಕಣ್ಣಿಗೆ ಕಾಣಬೇಕು. ಫೋನಿನೊಳಗೆ ಇರುವ ಆಸ್ತಿಯನ್ನು ಯಾರಿಗೆ ತೋರಿಸುತ್ತಾನೋ ಅಂತ ನಾನು ಎಷ್ಟೋ ಸಲ ಗೊಣಗಿದ್ದೇನೆ.

ಹೆಣ್ಣಿನ ಮನೆಯವರು ಗಟ್ಯೇನಿ ಕುಲದವರು. ಬೆಳಕು ಹರಿಯುವ ಮುಂಚೆಯೇ ಹೋಗಿ ನಿಂತ ನಮ್ಮನ್ನು ಬಿಸಿಲು ಏರುವವರೆಗೂ ಗೇಟಿನಾಚೆ ಕಾಯಿಸಿದರು. ಅದು ಅವರ ಹಕ್ಕು. ಒಳಗೆ ಕರೆದು ಚಾಪೆಯ ಮೇಲೆ ಕೂರಿಸಿ, ಮೊದಲು ಬಾಯಿ ಬಿಚ್ಚುವುದಕ್ಕೆ ಅಂತ ಒಂದು ಬಾಟಲಿ ಬ್ರಾಂದಿ ಇಡಿಸಿಕೊಂಡರು. ಆಮೇಲೆ ಟೊಲೊ ಕೋಟು ಹಾಕಿಕೊಂಡು ಬಂದಿಲ್ಲ ಅಂತ ದಂಡ ಕಕ್ಕಿಸಿದರು. ಸೆಕೆ ಅಂತ ಕೋಟನ್ನು ಕಾರಿನಲ್ಲೇ ಬಿಟ್ಟು ಬಂದಿದ್ದ ಮಹಾನುಭಾವ.

ಮಾತಾಡುತ್ತಿದ್ದವರು ಹಿರಿಯ ಗಟ್ಯೇನಿ, ಅಂದರೆ ಹುಡುಗಿ ವೂಯೆಲ್ವಾಳ ದೊಡ್ಡಪ್ಪ. ದಪ್ಪ ದನಿ, ಮೊಣಕಾಲ ಮೇಲೆ ಟೋಪಿ. ಪಕ್ಕದಲ್ಲಿ ಅವಳ ಅಪ್ಪ. ಜೋಹಾನ್ಸ್‌ಬರ್ಗಿನ ಚಿನ್ನದ ಗಣಿಯಲ್ಲಿ ಆಯಸ್ಸು ಸವೆಸಿ ಬಂದವರು, ತಲೆ ತಗ್ಗಿಸಿ ಕೂತಿದ್ದರು. ಹೆಣ್ಣಿನ ಅಪ್ಪ ಈ ಹೊತ್ತಿನಲ್ಲಿ ಮಾತಾಡುವ ವಾಡಿಕೆಯಿಲ್ಲ. ಅಡುಗೆಮನೆಯ ಬಾಗಿಲು ಅರ್ಧ ತೆರೆದಿತ್ತು, ಅದರ ಹಿಂದೆ ಹೆಂಗಸರ ಪಿಸುಮಾತು.

"ಹನ್ನೆರಡು ದನ," ಅಂದರು ಹಿರಿಯ ಗಟ್ಯೇನಿ. "ಮೇಷ್ಟರ ಕೆಲಸದಲ್ಲಿರೋ ಹುಡುಗಿ. ಕೊಮಾನಿ ಶಾಲೇಲಿ ಗಣಿತ ಹೇಳ್ಕೊಡ್ತಾಳೆ, ಅಲ್ಲೇ ಮನೆ ಮಾಡಿದ್ದಾಳೆ. ಎಂಟು ಇವತ್ತು, ನಾಲ್ಕು ಆಮೇಲೆ."

"ನಾಲ್ಕು ಇವತ್ತು, ಎಂಟು ಆಮೇಲೆ," ಅಂದೆ ನಾನು. "ತೆರ ಒಂದೇ ದಿನ ತೀರಿಸಿದ್ರೆ ನೆಂಟಸ್ತಿಕೆ ಅಲ್ಲೇ ತೀರಿತು ಅಂತ ನಮ್ಮ ಹಿರಿಯರು ಹೆದರ್ತಿದ್ರು. ಬಾಕಿ ಇದ್ರೆ ತಾನೇ ಬಂದು ಹೋಗೋದು?"

ಅವರು ನಕ್ಕರು. ಮಾತು ಸರಿಯಾದ ಹಳಿಯ ಮೇಲೆ ಬಂದಿತ್ತು. ಆರಕ್ಕೆ ಇಳಿಯುತ್ತಾರೆ, ಆಮೇಲೆ ಐದು, ಕೊನೆಗೆ ನಾಲ್ಕು ಅಂತ ನಾನು ಒಳಗೇ ಲೆಕ್ಕ ಹಾಕುತ್ತಿದ್ದೆ.

"ಅದಿರಲಿ, ಹುಡುಗ ಹೇಗೆ?" ಅಂತ ಕೆಣಕಿದರು ಅವರು. "ಸಂಬಳದ ದಿನ ದುಡ್ಡು ಮನೆಗೆ ಬರುತ್ತೋ, ಹೆಂಡದಂಗಡಿಗೆ ಹೋಗುತ್ತೋ?"

ಇದು ಎಲ್ಲರೂ ಎಲ್ಲ ಗಂಡುಗಳ ಬಗ್ಗೆ ಕೇಳುವ ಮಾತು. ನಕ್ಕು ಸುಮ್ಮನಾದರೆ ಮುಗಿಯಿತು. ಟೊಲೊಗೆ ಮಾತ್ರ ರೋಷ ನೆತ್ತಿಗೇರಿತು.

"ಹೆಂಡಾನಾ! ನಮ್ಮ ಹುಡುಗನಾ! ತೆರಿಗೇನೇ ಇಲ್ಲದ ಖಾತೆ ಇದೆ ರೀ ಅವನದು. ತಿಂಗಳಾ ತಿಂಗಳಾ ಹಾಕಿ ಹಾಕಿ ಹೇಗೆ ಬೆಳೆದಿದೆ ಗೊತ್ತಾ? ಅದನ್ನ ಒಡೆದ್ರೆ ನಿಮ್ಮ ಹನ್ನೆರಡು ದನಾನೂ ಇವತ್ತೇ ಅಂಗಳದಲ್ಲಿ ನಿಲ್ತವೆ!"

ನನಗೆ ಮೈಯೆಲ್ಲ ಉರಿದುಹೋಯಿತು. ಹಿರಿಯ ಗಟ್ಯೇನಿ ಟೋಪಿಯನ್ನು ಈ ಮೊಣಕಾಲಿನಿಂದ ಆ ಮೊಣಕಾಲಿಗೆ ಬದಲಿಸಿದರು.

"ಓಹೋ. ಹಾಗಿದ್ರೆ ನಿಲ್ಲಿಸಿ."

"ಅದು ಹಾಗಲ್ಲ ಗಟ್ಯೇನಿ..." ಅಂತ ನಾನು ಶುರು ಮಾಡಿದೆ.

"ಹೇಗೆ ಅಲ್ಲ ರಡೇಬೆ? ಇಲ್ಲದೋನು ಬಾಕಿ ಹೇಳಿದ್ರೆ ನಾನು ಒಪ್ತೀನಿ. ಇಟ್ಕೊಂಡು ಇಲ್ಲ ಅಂದ್ರೆ ಅದು ನಮ್ಮ ಹುಡುಗಿಗೆ ಮಾಡೋ ಅವಮಾನ. ಫೋನ್ ಮಾಡಿ ಅವನಿಗೆ. ಒಡೀಲಿ. ಇಲ್ಲಾಂದ್ರೆ ನಿಮ್ಮ ಬಾಟಲಿ ಇಲ್ಲೇ ಇದೆ, ತಗೊಂಡು ಹೊರಡಿ."

ಬಾಟಲಿ ವಾಪಸಾದರೆ ಸಂಬಂಧ ಮುರಿದ ಹಾಗೆಯೇ. ನಾನು ಎದ್ದು ಹೊರಗೆ ಬಂದು, ದನದ ದೊಡ್ಡಿಯ ಕಲ್ಲುಗೋಡೆಗೆ ಒರಗಿ ಹುಡುಗನಿಗೆ ಫೋನ್ ಹಚ್ಚಿದೆ. ನಡೆದದ್ದನ್ನೆಲ್ಲ ಹೇಳಿದೆ.

"ಆಗಲ್ಲ ಮಾವಾ," ಅಂದ.

"ಲೋ, ನಿನಗೆ ಹುಡುಗಿ ಬೇಕೋ, ಬುಟ್ಟಿ ಬೇಕೋ?"

"ಎರಡೂ ಬೇಕು. ಬುಟ್ಟಿ ಒಡೆದ್ರೆ ಹುಡುಗೀನೇ ನನ್ನ ಬಿಟ್ಟುಬಿಡ್ತಾಳೆ. ಅವಳಿಗೆ ಮಾತು ಕೊಟ್ಟಿದ್ದೀನಿ."

"ಇದೆಂಥ ಮಾತೋ? ತನ್ನ ತೆರಕ್ಕೇ ಅಡ್ಡ ನಿಲ್ತಾಳಾ?"

"ಯಾಕೆ ಅಂತ ಕೇಳಬೇಡಿ, ಅದು ಅವಳ ಗುಟ್ಟು. ಇಷ್ಟು ತಿಳ್ಕೊಳ್ಳಿ ಮಾವಾ. ಆ ಖಾತೆಗೆ ವರ್ಷಕ್ಕೆ ಇಷ್ಟೇ, ಇಡೀ ಜನ್ಮಕ್ಕೆ ಇಷ್ಟೇ ಹಾಕಬೋದು ಅಂತ ಸರ್ಕಾರ ಗೆರೆ ಎಳೆದಿದೆ. ತೆಗೆದ್ರೆ ತೆಗೆದಷ್ಟು ಜಾಗ ಹೋಯ್ತು. ನಾಳೆ ನನ್ನ ಹತ್ರ ಕೋಟಿ ಇದ್ರೂ ಆ ಜಾಗ ವಾಪಸ್ ಸಿಗಲ್ಲ. ಬೇರೆ ಕಡೆ ಹಾಕಿದ್ರೆ ಬೆಳೆದಿದ್ದಕ್ಕೆ ತೆರಿಗೆ. ಇಲ್ಲಿ ಇಲ್ಲ. ಹೇಗಾದ್ರೂ ಮಾಡಿ ಮಾವಾ. ನಾನು ಒಡೆಯಲ್ಲ."

ಹಟ ಹಿಡಿದಾಗ ನನ್ನ ತಂಗಿಯ ದನಿ ಹೀಗೇ ಸಣ್ಣಗಾಗುತ್ತಿತ್ತು. ಬೈಯುವುದಕ್ಕೆ ಬಾಯಿ ತೆರೆದವನು ಮುಚ್ಚಿಕೊಂಡೆ. ಸರಿ, ಈ ಹುಡುಗನ ಬುಟ್ಟಿಯೂ ಉಳಿಯಬೇಕು, ಆ ಹುಡುಗಿಯೂ ಬರಬೇಕು, ಬಾಟಲಿ ಹಿಡಿದುಕೊಂಡು ನಾನಂತೂ ವಾಪಸ್ ಹೋಗುವುದಿಲ್ಲ ಅಂತ ಗಟ್ಟಿ ಮಾಡಿಕೊಂಡು ಒಳಗೆ ಬಂದೆ. ನಂಬದೇ ಇರುವ ಸಂಗತಿಯ ಪರ ವಾದ ಮಾಡುವುದು ನನಗೇನೂ ಹೊಸದಲ್ಲ. ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೆ ಅಂತ ಜನಕ್ಕೆ ಹೇಳುತ್ತಲೇ ಆಯಸ್ಸು ಕಳೆದವನು ನಾನು.

"ಗಟ್ಯೇನಿ, ನಿಮಗೊಂದು ದೊಡ್ಡಿ ಇದೆ ಅಂತ ಇಟ್ಕೊಳ್ಳಿ," ಅಂದೆ.

"ಇಟ್ಕೊಳ್ಳೋದೇನು? ಇದೆಯಲ್ಲ, ಕಿಟಕೀಲಿ ಕಾಣ್ತಿದೆ."

"ಆ ದೊಡ್ಡೀಲಿ ಹುಟ್ಟೋ ಕರುಗಳಿಗೆ ಸರ್ಕಾರ ಒಂದು ಕಾಸೂ ಕೇಳಲ್ಲ. ಎಷ್ಟು ಬೇಕಾದ್ರೂ ಹುಟ್ಲಿ. ಆದ್ರೆ ಹೊರಗಿಂದ ವರ್ಷಕ್ಕೆ ಎರಡು ದನ ಮಾತ್ರ ಒಳಗೆ ಹೊಡೀಬೋದು. ಇಡೀ ಜನ್ಮಕ್ಕೆ ಇಷ್ಟು ಗೂಟ ಅಂತ ಮೊದಲೇ ನೆಟ್ಟಿರ್ತಾರೆ. ಒಂದು ದನ ಬಿಚ್ಚಿ ಹೊರಗೆ ಕಳಿಸಿದ್ರೋ, ಗೂಟಾನೂ ಕಿತ್ತುಹಾಕ್ತಾರೆ. ಮತ್ತೆ ಅಲ್ಲಿ ದನ ಕಟ್ಟೋ ಹಾಗಿಲ್ಲ."

"ಇದೆಂಥ ಹುಚ್ಚು ಸರ್ಕಾರ?"

"ನೀವೇ ವೋಟು ಹಾಕಿದ್ದು."

ಅಡುಗೆಮನೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹಿರಿಯ ಗಟ್ಯೇನಿ ಬಾಗಿಲ ಕಡೆ ಕಣ್ಣು ಬಿಟ್ಟರು.

"ದನ ಯಾವ ತಳಿ?"

"ಒಂದು ಮನೆ ದನ ಅಲ್ಲ ಗಟ್ಯೇನಿ, ಅದೇ ಅದರ ಮರ್ಮ. ದೇಶದಲ್ಲಿ, ಹೊರದೇಶದಲ್ಲಿ ಎಷ್ಟು ದೊಡ್ಡ ದೊಡ್ಡಿಗಳಿವೆಯೋ ಅಷ್ಟರಲ್ಲೂ ಒಂದೊಂದು ಚೂರು ಪಾಲು. ಒಂದು ದೊಡ್ಡಿಗೆ ಕಾಯಿಲೆ ಬಿದ್ರೂ ಉಳಿದೋವು ಮೇಯ್ತಿರ್ತವೆ."

"ಕೊಂಬು ಒಬ್ಬಂದು, ಬಾಲ ಒಬ್ಬಂದು. ಹಾಲು ಯಾರು ಕರೀತಾರೆ?"

"ಹಾಲನ್ನ ಕರುಗೇ ಬಿಡ್ತಾರೆ. ಅದಕ್ಕೇ ಮಂದೆ ಬೆಳೆಯೋದು."

ಹೇಳುತ್ತಾ ಹೇಳುತ್ತಾ ನನಗೇ ಅದು ಚೆನ್ನಾಗಿದೆ ಅನ್ನಿಸಿತು. ಟೊಲೊ ಬಾಯಿ ತೆಗೆಯುತ್ತಿದ್ದ, ಮೊಣಕೈಯಿಂದ ತಿವಿದೆ.

ಹಿರಿಯ ಗಟ್ಯೇನಿ ಕಿಟಕಿಯಾಚೆಯ ತಮ್ಮ ದೊಡ್ಡಿಯತ್ತ ತಿರುಗಿ ನೋಡಿದರು. ನಾನು ಗೆದ್ದೆ ಅಂದುಕೊಂಡೆ.

"ಕತೆ ಚೆನ್ನಾಗಿದೆ," ಅಂದರು. "ಎಂಟು ಇವತ್ತು."

"ಗಟ್ಯೇನಿ..."

"ಇಲ್ಲಿ ನೋಡಿ ನನ್ನ ತಮ್ಮನ್ನ. ಸೊಂಟದ ಕೀಲು ಸವೆದು ಹಾಸಿಗೆ ಹಿಡಿದಿದ್ದ. ಬಚ್ಚಲಿಗೆ ಹೋಗೋಕೂ ಇಬ್ಬರು ಹಿಡೀಬೇಕಿತ್ತು. ಗಣಿಯೋರು ಪರಿಹಾರ ಕೊಟ್ರು. ಗೂಟ, ಬುಟ್ಟಿ ಅಂತ ಬಚ್ಚಿಟ್ಕೊಂಡು ಕೂತ್ನಾ? ಪೂರ್ತಿ ಖರ್ಚು ಮಾಡಿ ಆಪರೇಷನ್ ಮಾಡಿಸ್ಕೊಂಡ, ಎದ್ದು ನಿಂತ. ದುಡ್ಡು ಇರೋದೇ ಒಡೆಯೋಕೆ ರಡೇಬೆ. ಮನುಷ್ಯರಿಗೋಸ್ಕರ ಒಡೆಯದ ದುಡ್ಡು ಯಾತಕ್ಕೆ?"

ನಿಜ ಹೇಳಬೇಕೆಂದರೆ ಅವರ ಮಾತೇ ಸರಿ ಅನ್ನಿಸಿತು. ಬಾಟಲಿ ಕಡೆ ನೋಡಿದೆ.

"ಗಣಿಯೋರು ಕೊಡಲಿಲ್ಲ, ಅಣ್ಣಾ."

ಹುಡುಗಿಯ ಅಪ್ಪ ಮಾತಾಡಿದ್ದರು. ತಲೆ ಇನ್ನೂ ತಗ್ಗಿಸಿಯೇ ಇತ್ತು.

"ಏನಂದೆ?"

"ಗಣಿಯೋರು ಏನೂ ಕೊಟ್ಟಿಲ್ಲ. ವೂಯೆಲ್ವಾ ಕೊಟ್ಲು. ಅವಳಿಗೂ ಇದೇ ಥರದ ಖಾತೆ ಇತ್ತು. ಮೊದಲ ಸಂಬಳದಿಂದ ಹಾಕ್ಕೊಂಡು ಬಂದಿದ್ಲು. ಅದನ್ನ ಪೂರ್ತಿ ಒಡೆದು ನನ್ನ ಕೀಲು ಹಾಕಿಸಿದ್ಲು."

"ನನ್ನ ಹತ್ರ ಗಣಿ ಅಂದ್ಯಲ್ಲೋ!"

"ಮಗಳ ದುಡ್ಡಲ್ಲಿ ಎದ್ದು ನಿಂತೆ ಅನ್ನೋಕೆ ನಾಚಿಕೆ ಆಯ್ತು ಅಣ್ಣಾ. ಗಣಿ ಅಂದುಬಿಟ್ಟೆ." ಅವರು ಅಂಗೈಯಿಂದ ಮುಖ ಒರೆಸಿಕೊಂಡರು. "ಆಕಳು ಮಾರಿ ವಾಪಸ್ ತುಂಬಿಸ್ತೀನಿ ಕಣೇ ಅಂದೆ. ನೀನು ತುಂಬಿಸಿದ್ರೂ ಹೋದ ಜಾಗ ಬರಲ್ಲಪ್ಪಾ, ಬಿಡು, ನೀನು ನಡಿ ಸಾಕು, ಅಂದ್ಲು. ಆಗ ನನಗೆ ಅರ್ಥ ಆಗಲಿಲ್ಲ. ಏನೋ ಬ್ಯಾಂಕಿನ ಮಾತು ಅಂದ್ಕೊಂಡೆ. ಈಗ ಇವರು ಗೂಟ ಕೀಳೋ ಕತೆ ಹೇಳಿದ್ಮೇಲೆ ಅರ್ಥ ಆಯ್ತು. ನಾನು ಅವಳ ಎಷ್ಟು ಗೂಟ ಕೀಳಿಸಿದೆ ಅಂತ."

ಆ ಹುಡುಗಿ ಲುಬಬಾಲೊನಿಂದ ಯಾಕೆ ಮಾತು ತೆಗೆದುಕೊಂಡಿದ್ದಳು ಅಂತ ನನಗೆ ಆಗ ಹೊಳೆಯಿತು. ತನ್ನ ಜಾಗ ಹೋದ ಹಾಗೆ ಅವನದೂ ಹೋಗಬಾರದು ಅಂತ.

"ಒಂದು ದೊಡ್ಡಿ ನನ್ನಿಂದ ಖಾಲಿ ಆಗಿದೆ," ಅಂದರು ಅವಳ ಅಪ್ಪ. "ಅವಳು ಬಾಳೋಕೆ ಹೋಗೋ ಮನೇದನ್ನೂ ನಾನೇ ಖಾಲಿ ಮಾಡಿಸಲ್ಲ. ಅಣ್ಣಾ, ನಾಲ್ಕು ಸಾಕು. ಉಳಿದಿದ್ದು ಬಂದಾಗ ಬರಲಿ."

ಹಿರಿಯ ಗಟ್ಯೇನಿ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು. ತಮ್ಮ ತಮ್ಮನೇ ಸುಳ್ಳು ಹೇಳಿದ್ದು ಅವರಿಗೆ ನೆಂಟರೆದುರು ಚುಚ್ಚಿತ್ತು. ಕೊನೆಗೆ ಕೆಮ್ಮಿ, ಬಾಟಲಿಯ ಮುಚ್ಚಳ ತಿರುವಿ ತೆಗೆದರು. ಟೊಲೊ ಕಡೆ ಬೆರಳು ತೋರಿಸಿದರು.

"ಇವನ ಕೋಟಿನ ದಂಡ ಮಾತ್ರ ವಾಪಸ್ ಕೊಡಲ್ಲ."

"ಕೊಡಬೇಡಿ," ಅಂದೆ ನಾನು. "ಬೇಕಾದ್ರೆ ಬಾಯಿಗೂ ಒಂದು ದಂಡ ಹಾಕಿ."

ಹುಡುಗಿಯನ್ನು ಕರೆದರು. ತಲೆಗೆ ಬಟ್ಟೆ, ಭುಜಕ್ಕೆ ಶಾಲು, ನೆಲಕ್ಕೆ ನೆಟ್ಟ ಕಣ್ಣು. ಬಂದು ಮಂಡಿಯೂರಿದಳು.

"ಈ ಜನ ಗೊತ್ತಾ ನಿನಗೆ?" ಅಂತ ದೊಡ್ಡಪ್ಪ ಕೇಳಿದರು.

"ಗೊತ್ತು."

ಅಷ್ಟಕ್ಕೆ ಅವಳ ಕೆಲಸ ಮುಗಿದಿತ್ತು, ಎದ್ದು ಹೋಗಬೇಕಿತ್ತು. ಅವಳ ಅಪ್ಪ ಬಿಡಲಿಲ್ಲ. ನಾವು ಇಟ್ಟ ನಾಲ್ಕು ದನದ ದುಡ್ಡಿನ ಲಕೋಟೆಯಿಂದ ಅರ್ಧ ತೆಗೆದು ಅವಳ ಮುಂದೆ ಇಟ್ಟರು. ಹೆಣ್ಣಿನ ತೆರವನ್ನು ಹೆಣ್ಣಿಗೇ ಕೊಡುವುದನ್ನು ನಾನು ಎಲ್ಲೂ ಕಂಡಿಲ್ಲ, ಕೇಳಿಲ್ಲ. ಹಿರಿಯ ಗಟ್ಯೇನಿ ಕೂತಲ್ಲೇ ಚಡಪಡಿಸಿದರು, ಆದರೆ ತಡೆಯಲಿಲ್ಲ.

"ನಿನ್ನ ಖಾತೆಗೆ ಹಾಕ್ಕೋ," ಅಂದರು ಅಪ್ಪ. "ಹೋದ ಜಾಗ ಬರಲ್ಲ, ಗೊತ್ತಾಯ್ತು. ಉಳಿದಿರೋ ಜಾಗಕ್ಕೆ ಹಾಕು. ಮತ್ತೆ ಶುರು ಮಾಡು."

ಅವಳು ದುಡ್ಡನ್ನು ಮುಟ್ಟಲಿಲ್ಲ.

"ಈಗ ಆಗಲ್ಲ ಅಪ್ಪಾ. ಈ ವರ್ಷದ್ದು ತುಂಬಿಬಿಟ್ಟಿದೆ. ಮೇಲೆ ಹಾಕಿದ್ರೆ ಸರ್ಕಾರದೋರು ದಂಡ ಹಾಕ್ತಾರೆ. ಮಾರ್ಚಲ್ಲಿ ಹೊಸ ತೆರಿಗೆ ವರ್ಷದ ಲೆಕ್ಕ ತೆರೆಯುತ್ತೆ."

"ತುಂಬಿದೆಯಾ?" ಅವರಿಗೆ ನಂಬಿಕೆ ಬರಲಿಲ್ಲ. "ಯಾವಾಗ ಶುರು ಮಾಡಿದೆ ನೀನು?"

"ನೀನು ಕೋಲು ಬಿಟ್ಟು ನಡೆದ ತಿಂಗಳು."

ಅವರು ದುಡ್ಡನ್ನು ಎತ್ತಿ, ಎರಡು ಸಲ ಮಡಿಸಿ, ಕೋಟಿನ ಒಳಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರು. ಆಮೇಲೆ ಕೈ ಚಾಚಿ ಅವಳ ತಲೆಯ ಮೇಲಿನ ಬಟ್ಟೆ ಸರಿಮಾಡಿದರು.

"ಮಾರ್ಚ್ ಬರ್ಲಿ," ಅಂದರು. "ನಾನೇ ಕೊಮಾನಿಗೆ ತರ್ತೀನಿ. ಬಸ್ ನಿಲ್ದಾಣಕ್ಕೆ ಯಾರೂ ಬರಬೇಡಿ. ನಿನ್ನ ಮನೆ ತನಕ ನಾನೇ ನಡ್ಕೊಂಡು ಬರ್ತೀನಿ."